ಕ್ಯಾಂಪಿಂಗ್‌ಗೆ ಒಯ್ಯುವ ಸೀಮೆಎಣ್ಣೆಗೆ ಸ್ವಲ್ಪ ಪೆಟ್ರೋಲ್ ಬೆರೆಸಬಹುದೇ?

ಸ್ಟವ್‌ಗೂ ಲಾಟೀನಿಗೂ ಸೇರಿಸಿ ಒಂದೇ ಕ್ಯಾನಿನಲ್ಲಿ ಸೀಮೆಎಣ್ಣೆ ಒಯ್ಯುವುದು, ಚಳಿಯಲ್ಲಿ ಬೇಗ ಹೊತ್ತಿಕೊಳ್ಳಲೆಂದು ಅದಕ್ಕೆ ಒಂದಿಷ್ಟು ಪೆಟ್ರೋಲ್ ಬೆರೆಸುವುದು ಸುರಕ್ಷಿತವೇ ಎಂದು ಕೇಳಿದ್ದೀರಿ. ನೀವು ಯೋಚಿಸಿ ಮಾಡಲು ಹೊರಟಿರುವುದನ್ನು ನಾನು ಹಿಂದೊಮ್ಮೆ ಉಡಾಫೆಯಿಂದ ಮಾಡಿದ್ದೆ. ಎಡಗೈ ಮಣಿಕಟ್ಟಿನ ಮೇಲೆ ಅದರ ಗುರುತು ಇಂದಿಗೂ ಇದೆ.

ಅದು ಬತ್ತಿಯ ಲಾಟೀನು. ಹೊರಡುವ ಅವಸರದಲ್ಲಿ, ಹಿಂದೆ ಪೆಟ್ರೋಲ್ ತುಂಬಿಸಿದ್ದ ಎರಡು ಲೀಟರಿನ ಕ್ಯಾನನ್ನೇ ಎತ್ತಿಕೊಂಡೆ. ಅಲುಗಾಡಿಸಿದಾಗ ತಳದಲ್ಲಿ ಅರ್ಧ ಲೋಟದಷ್ಟು ಉಳಿದಿರುವುದು ತಿಳಿಯಿತು. ಎರಡು ಲೀಟರಿನ ಮುಂದೆ ಅರ್ಧ ಲೋಟ ಯಾವ ಲೆಕ್ಕ ಎಂದುಕೊಂಡು ಅದರ ಮೇಲೆಯೇ ಸೀಮೆಎಣ್ಣೆ ಸುರಿದೆ. ಸಂಜೆ ಲಾಟೀನಿಗೆ ತುಂಬಿಸುವಾಗ ಪೆಟ್ರೋಲಿನ ವಾಸನೆ ಮೂಗಿಗೆ ಬಡಿಯಿತು. ಕೈಗೆ ಮೆತ್ತಿಕೊಂಡಿದ್ದೀತು ಎಂದು ಪ್ಯಾಂಟಿಗೆ ಒರೆಸಿಕೊಂಡೆ.

ಸ್ವಲ್ಪ ಹೊತ್ತು ದೀಪ ಚೆನ್ನಾಗಿಯೇ ಉರಿಯಿತು. ಆಮೇಲೆ ಜ್ವಾಲೆ ಮೇಲಕ್ಕೆ ಎಳೆದುಕೊಂಡು ಗಾಜಿಗೆ ಮಸಿ ಹಿಡಿಯಿತು. ತಿರುಪು ತಿರುಗಿಸಿ ಬತ್ತಿಯನ್ನು ಪೂರ್ತಿ ಇಳಿಸಿದರೂ ಬೆಂಕಿ ಇಳಿಯಲಿಲ್ಲ, ಏಕೆಂದರೆ ಅಷ್ಟರಲ್ಲಿ ಉರಿಯುತ್ತಿದ್ದುದು ಬತ್ತಿಯಲ್ಲ, ಟ್ಯಾಂಕಿನಿಂದ ಏಳುತ್ತಿದ್ದ ಆವಿ. ಹಿಡಿಕೆ ಹಿಡಿದು ಆಚೆ ಇಡಲು ಹೋದಾಗ ಮುಚ್ಚಳದ ಸಂದಿನಿಂದ ಬೆಂಕಿ ಚಿಮ್ಮಿ ಮಣಿಕಟ್ಟು ಸುಟ್ಟಿತು. ಗೆಳೆಯನೊಬ್ಬ ನೀರಿನ ಬಾಟಲಿ ಎತ್ತಿಕೊಂಡಿದ್ದ. ಸುರಿದಿದ್ದರೆ ಎಣ್ಣೆ ನೀರಿನ ಮೇಲೆ ತೇಲುತ್ತಾ, ಉರಿಯುತ್ತಲೇ ಡೇರೆಯ ಕಡೆಗೆ ಹರಿಯುತ್ತಿತ್ತು. ಇನ್ನೊಬ್ಬ ಒದ್ದೆ ಮಣ್ಣನ್ನು ಬೊಗಸೆಗಟ್ಟಲೆ ಸುರಿದು ಆರಿಸಿದ.

ನಾನು ಎಡವಿದ್ದು ಆ ಅರ್ಧ ಲೋಟದ ಲೆಕ್ಕದಲ್ಲಿ. ಉರಿಯುವುದು ದ್ರವವಲ್ಲ, ಅದರ ಆವಿ. ಕಿಡಿ ತಗುಲಿದರೆ ಹೊತ್ತಿಕೊಳ್ಳುವಷ್ಟು ಆವಿ ಏಳಬೇಕಾದರೆ ಸೀಮೆಎಣ್ಣೆ ಸುಮಾರು 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಹೆಚ್ಚು ಬಿಸಿಯಾಗಬೇಕು. ಪೆಟ್ರೋಲಿಗೆ ಮೈನಸ್ 40 ಡಿಗ್ರಿಯ ಆಸುಪಾಸೇ ಸಾಕು. ಬೆರೆಸಿದಾಗ ಇವೆರಡರ ಸರಾಸರಿ ಬರುತ್ತದೆಂದು ನಾನು ತಿಳಿದಿದ್ದೆ, ಆದರೆ ಮೊದಲು ಆವಿಯಾಗುವುದು ಪೆಟ್ರೋಲಿನ ಹಗುರ ಅಂಶವೇ ಆದ್ದರಿಂದ ಸ್ವಲ್ಪ ಬೆರೆತರೂ ಇಡೀ ಕ್ಯಾನು ಪೆಟ್ರೋಲಿನ ಗುಣದ ಕಡೆಗೆ ವಾಲುತ್ತದೆ. ಲಾಟೀನಿನಲ್ಲಂತೂ ಟ್ಯಾಂಕ್ ಇರುವುದು ಜ್ವಾಲೆಯ ಕೆಳಗೇ. ಅದು ಬೆಚ್ಚಗಾದಂತೆಲ್ಲ ಒಳಗಿನ ಖಾಲಿ ಜಾಗದಲ್ಲಿ ಆವಿ ತುಂಬುತ್ತಾ ಹೋಗುತ್ತದೆ. ಚಳಿಯಲ್ಲಿ ಹೊತ್ತಿಕೊಳ್ಳಲು ಸತಾಯಿಸುವುದೇ ಸೀಮೆಎಣ್ಣೆಯ ದೊಡ್ಡ ಗುಣ. ನೀವು ಕಳೆಯಲು ಹೊರಟಿರುವುದೂ ಅದನ್ನೇ.

ನನ್ನನ್ನು ಕೇಳಿದರೆ, ಎರಡಕ್ಕೂ ಒಂದೇ ಇಂಧನ ಎಂಬ ಯೋಚನೆಯನ್ನೇ ಬಿಡಿ. ಬೆಳಕಿಗೆ ಇಂಧನವೇ ಬೇಡ, ಬ್ಯಾಟರಿಯ ಎಲ್‌ಇಡಿ ದೀಪ ಸಾಕು. ಲಾಟೀನಿನ ಬೆಳಕು ನನಗೂ ಇಷ್ಟ, ಆದರೂ ಈಗ ಒಯ್ಯುವುದಿಲ್ಲ.

ಉಳಿಯುವುದು ಸ್ಟವ್ ಒಂದೇ. ಸೀಮೆಎಣ್ಣೆಯ ಪಂಪ್ ಸ್ಟವ್ ಬೇಗ ಹೊತ್ತಬೇಕಾದರೆ, ಪಂಪ್ ಮಾಡುವ ಮೊದಲು ಬರ್ನರಿನ ಕೆಳಗಿನ ಬಟ್ಟಲಿನಲ್ಲಿ ಸ್ಪಿರಿಟ್ ಉರಿಸಿ ಬರ್ನರನ್ನು ಚೆನ್ನಾಗಿ ಕಾಯಿಸಿ. ಸ್ಪಿರಿಟ್ಟಿನ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ, ಆದ್ದರಿಂದ ಆರಿತೆಂದುಕೊಂಡು ಮತ್ತೆ ಸುರಿಯಲು ಹೋಗಬೇಡಿ. ಇಷ್ಟು ತಾಳ್ಮೆ ಇಲ್ಲದಿದ್ದರೆ ಗ್ಯಾಸ್ ಕ್ಯಾನಿಸ್ಟರ್ ಒಯ್ಯಿರಿ. ಸುರಿಯುವ, ಬೆರೆಸುವ ಗೊಡವೆಯೇ ಇರುವುದಿಲ್ಲ. ಅದರೊಳಗಿನ ಅನಿಲ ಬರೀ ಬ್ಯೂಟೇನ್ ಆಗಿದ್ದರೆ ಮೈನಸ್ 0.5 ಡಿಗ್ರಿಗಿಂತ ಕೆಳಗೆ ಆವಿಯಾಗದೆ ಕೈಕೊಡುತ್ತದೆ, ಹಾಗಾಗಿ ಕೊರೆಯುವ ಚಳಿಗೆ ಐಸೋಬ್ಯೂಟೇನ್ ಮತ್ತು ಪ್ರೊಪೇನ್ ಬೆರೆತದ್ದನ್ನು ಆರಿಸಿ. ಇಂಧನ ಯಾವುದೇ ಆಗಿರಲಿ, ಡೇರೆಯೊಳಗೆ ಹಚ್ಚಬೇಡಿ. ಉರಿಯುವಾಗ ಹೊರಬರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ.

ಈಗಾಗಲೇ ಬೆರೆಸಿಟ್ಟಿದ್ದರೆ, ಸರಿಹೋದೀತೆಂದು ಅದಕ್ಕೆ ಇನ್ನಷ್ಟು ಸೀಮೆಎಣ್ಣೆ ಸುರಿಯಬೇಡಿ, ಚರಂಡಿಗೂ ಚೆಲ್ಲಬೇಡಿ. ಅಪಾಯಕಾರಿ ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿ. ಅಲ್ಲಿಯವರೆಗೆ ಆ ಕ್ಯಾನಿನ ಮೇಲೆ ದಪ್ಪ ಅಕ್ಷರಗಳಲ್ಲಿ ‘ಪೆಟ್ರೋಲ್’ ಎಂದೇ ಬರೆದಿಡಿ.