ಸೇತುವೆ ಚೆಂದವೇ, ಆದರೆ ಹತ್ತೋದು ಹೇಗೆ?

ಪ್ರಶ್ನೆ: ಮೆಜೆಸ್ಟಿಕ್ ಕಡೆಯಿಂದ ಬೆಳ್ಳಂದೂರು ಕೆರೆಗೆ ಹೋಗುವ ಕೆ-100 ರಾಜಕಾಲುವೆ ಇದೆಯಲ್ಲ, ಅದರ ಮೇಲೆ ಶಾಂತಿನಗರದ ಹತ್ತಿರ ನಡೆಯೋರಿಗೂ ಸೈಕಲ್‌ನವರಿಗೂ ಒಂದು ಸೇತುವೆ ವಿನ್ಯಾಸ ಮಾಡೋದು ನನ್ನ ಕಾಲೇಜು ಪ್ರಾಜೆಕ್ಟ್. ಅಹಮದಾಬಾದಿನ ಅಟಲ್ ಸೇತುವೆ ಥರ ಜನ ನಿಂತು ಫೋಟೊ ತೆಗೀಬೇಕು ಅಂತ ಆಸೆ. ಮೊದಲು ಆಕಾರ ಬರೆದುಕೊಂಡು ಲೆಕ್ಕ ಆಮೇಲೆ ನೋಡಿದರೆ ಆಗುತ್ತಾ ಸರ್?
– ಆರ್ಕಿಟೆಕ್ಚರ್ ವಿದ್ಯಾರ್ಥಿನಿ, ಬೆಂಗಳೂರು

ಉತ್ತರ: ಬರೆಯಮ್ಮ, ಬೇಡ ಅನ್ನಲ್ಲ. ಆದರೆ ನಡುವಿನ ಕಮಾನು ಬಿಟ್ಟು ಎರಡು ತುದಿಯಿಂದ ಶುರು ಮಾಡು. ಸಬರಮತಿ ದಂಡೆಯಲ್ಲಿ ಇರೋಷ್ಟು ಜಾಗ ನಮ್ಮ ಕಾಲುವೆ ಪಕ್ಕ ಇಲ್ಲ.

ಜೋರು ಮಳೆಗೆ ನೀರು ಎಲ್ಲಿವರೆಗೆ ಏರುತ್ತೆ ಅಂತ ಕಾಲುವೆ ಗೋಡೆಯ ಕಲೆ ನೋಡು, ಅಲ್ಲಿನ ಅಂಗಡಿಯವರನ್ನೂ ಕೇಳು. ಸೇತುವೆಯ ತಳ ಅದಕ್ಕಿಂತ ಮೇಲಿರಬೇಕು. ಕಾಲುವೆ ಒಳಗೆ ಕಂಬ ಬೇಡವೇ ಬೇಡ, ಹಳೇ ಹಾಸಿಗೆ, ಪ್ಲಾಸ್ಟಿಕ್ಕು ಎಲ್ಲಾ ಬಂದು ಅದಕ್ಕೇ ಸಿಕ್ಕಿಕೊಳ್ಳುತ್ತೆ. ಈಗ ನಡೆಯುವ ಮಟ್ಟ ರಸ್ತೆಯಿಂದ ಒಂದೂವರೆ ಮೀಟರ್ ಮೇಲೆ ಬಂತು ಅಂದುಕೋ. ಸೈಕಲ್‌ನಿಂದ ಇಳಿಯದೆ ಹತ್ತಬೇಕು, ವೀಲ್‌ಚೇರ್ ತಳ್ಳೋರಿಗೆ ಏದುಸಿರು ಬರಬಾರದು ಅಂದ್ರೆ 20ಕ್ಕೆ 1ರ ಇಳಿಜಾರು ಬೇಕು, ಅಂದ್ರೆ ಒಂದು ಮೀಟರ್ ಏರೋಕೆ 20 ಮೀಟರ್ ಉದ್ದ. ಒಂದೊಂದು ಕಡೆ 30 ಮೀಟರ್ ರ‍್ಯಾಂಪ್! ಅಷ್ಟು ಉದ್ದ ನೇರವಾಗಿ ಎಲ್ಲಿ ಸಿಗುತ್ತೆ? ದಂಡೆಗುಂಟ ಬಾಗಿಸಲೇಬೇಕು. ಆ ಬಾಗಿನಿಂದಲೇ ನಿನ್ನ ಆಕಾರ ಹುಟ್ಟಲಿ.

ಇಂಗ್ಲೆಂಡಿನ ಗೇಟ್ಸ್‌ಹೆಡ್ ಮಿಲೇನಿಯಂ ಸೇತುವೆಯ ಫೋಟೊ ನೋಡಿರ್ತೀಯ, 2001ರಲ್ಲಿ ಜನರಿಗೆ ತೆರೆದದ್ದು. ಕೆಳಗೆ ಹಡಗು ಹೋಗುವಾಗ ಅದರ ಕಮಾನು, ಬಾಗಿದ ದಾರಿ ಎರಡೂ ಒಟ್ಟಿಗೆ 40 ಡಿಗ್ರಿ ವಾಲುತ್ತವೆ. ಜನ ಬೆರಗಾಗಿ ನೋಡೋದು ಆ ಕೆಲಸವನ್ನೇ. ನಮ್ಮಲ್ಲಿ ಹಡಗಿಲ್ಲ, ಸುಮ್ನೆ ಕಮಾನು ನಿಲ್ಲಿಸಿದರೆ ಕಬ್ಬಿಣದ ಖರ್ಚು ಜಾಸ್ತಿ ಅಷ್ಟೇ.

ಲೆಕ್ಕ ಆಮೇಲೆ ಅಂದೆಯಲ್ಲ, ಅದು ಮಾತ್ರ ಆಗಲ್ಲ. ಲಂಡನ್ನಿನ ಮಿಲೇನಿಯಂ ಸೇತುವೆ 2000ದ ಜೂನ್‌ನಲ್ಲಿ ತೆರೆದು ಎರಡೇ ದಿನಕ್ಕೆ ಮುಚ್ಚಿತು. ನಡೆಯುವಾಗ ನಾವು ಎಡಕ್ಕೂ ಬಲಕ್ಕೂ ಸ್ವಲ್ಪ ತಳ್ಳುತ್ತೇವೆ, ಸೆಕೆಂಡಿಗೆ ಸುಮಾರು ಒಂದು ಸಲ. ಸೇತುವೆಯೂ ಅದೇ ಲಯದಲ್ಲಿ ತೂಗೋಕೆ ಶುರುವಾದರೆ ಬೀಳದಿರೋಕೆ ಜನ ಅದಕ್ಕೇ ಹೆಜ್ಜೆ ಹೊಂದಿಸಿಕೊಳ್ಳುತ್ತಾರೆ, ತೂಗಾಟ ಇನ್ನೂ ಜಾಸ್ತಿಯಾಗುತ್ತೆ. ತೂಗಾಟ ತಗ್ಗಿಸುವ ಡ್ಯಾಂಪರ್ ಹಾಕಿ ಮತ್ತೆ ತೆರೆದದ್ದು 2002ರಲ್ಲಿ. ತೆಳ್ಳಗಿನ ಸೇತುವೆ ಬರೆಯೋ ಮುಂಚೆ ಎಂಜಿನಿಯರ್ ಗೆಳೆಯರ ಜೊತೆ ಕೂತು ಈ ಲೆಕ್ಕ ಮುಗಿಸಿಕೋ.

ಇನ್ನೊಂದು ತಲೆನೋವು ಶುದ್ಧ ಬೆಂಗಳೂರಿನದು. ಟ್ರಾಫಿಕ್ ಕಟ್ಟಿಕೊಂಡರೆ ಸ್ಕೂಟರ್‌ನವರು ಸೇತುವೆ ಹತ್ತೇ ಹತ್ತುತ್ತಾರೆ. ಬೊಲಾರ್ಡ್, ಅಂದ್ರೆ ದಾರಿಗೆ ಅಡ್ಡ ಗಿಡ್ಡ ಕಂಬ, ಹಾಕ್ತೀನಿ ಅಂತೀಯ, ಸರಿ, ಆದರೆ ವೀಲ್‌ಚೇರ್‌ಗೆ 90 ಸೆಂಟಿಮೀಟರ್ ಬಿಡಬೇಕು, ಅಷ್ಟರಲ್ಲಿ ಸ್ಕೂಟರ್ ಆರಾಮಾಗಿ ನುಗ್ಗುತ್ತೆ. ಇದಕ್ಕೇನಾದರೂ ಉಪಾಯ ಹೊಳೆದರೆ ನಮಗೂ ಬರೆದು ಕಳಿಸು.