1967ರಲ್ಲಿ ನಡೆದ ಮೊದಲ ಸೂಪರ್ ಬೌಲ್‌ಗೆ, ಅಂದರೆ ಅಮೆರಿಕನ್ ಫುಟ್‌ಬಾಲ್‌ನ ಅಂತಿಮ ಪಂದ್ಯಕ್ಕೆ, ಎರಡು ಲೀಗ್‌ಗಳಿಂದ ತೀರ್ಪುಗಾರರ ತಂಡವನ್ನು ಆರಿಸಿದ್ದೇಕೆ?

ಏಕೆಂದರೆ ಆ ಪಂದ್ಯವನ್ನು ಆಡಿದ್ದು ಪ್ರತಿಸ್ಪರ್ಧಿಗಳಾಗಿದ್ದ ಎರಡು ಲೀಗ್‌ಗಳ ಚಾಂಪಿಯನ್ ತಂಡಗಳು. ಒಂದೇ ಲೀಗಿನ ತೀರ್ಪುಗಾರರನ್ನು ನೇಮಿಸಿದ್ದರೆ ಇನ್ನೊಂದು ಲೀಗ್ ಅದನ್ನು ಒಪ್ಪುತ್ತಿರಲಿಲ್ಲ.

ಎನ್‌ಎಫ್‌ಎಲ್ (ನ್ಯಾಷನಲ್ ಫುಟ್‌ಬಾಲ್ ಲೀಗ್) ಮತ್ತು ಎಎಫ್‌ಎಲ್ (ಅಮೆರಿಕನ್ ಫುಟ್‌ಬಾಲ್ ಲೀಗ್) 1966ರ ಜೂನ್‌ನಲ್ಲಿ ವಿಲೀನಕ್ಕೆ ಒಪ್ಪಿದ್ದರೂ, ಅದು ಪೂರ್ಣಗೊಂಡದ್ದು 1970ರಲ್ಲಿ. ಮೊದಲ ಸೂಪರ್ ಬೌಲ್‌ನ ಹೊತ್ತಿಗೆ ಎರಡರ ನಿಯಮಗಳು, ತೀರ್ಪುಗಾರರ ಸಮವಸ್ತ್ರ, ಕೊನೆಗೆ ಚೆಂಡು ಕೂಡ ಬೇರೆಯಾಗಿದ್ದವು. ಆದ್ದರಿಂದ 1967ರ ಜನವರಿ 15ರಂದು ಲಾಸ್ ಏಂಜಲೀಸ್‌ನಲ್ಲಿ ಎನ್‌ಎಫ್‌ಎಲ್‌ನ ಗ್ರೀನ್ ಬೇ ಪ್ಯಾಕರ್ಸ್ ಮತ್ತು ಎಎಫ್‌ಎಲ್‌ನ ಕಾನ್ಸಾಸ್ ಸಿಟಿ ಚೀಫ್ಸ್ ಎದುರಾದಾಗ, ಆರು ಮಂದಿ ತೀರ್ಪುಗಾರರಲ್ಲಿ ಮೂವರನ್ನು ಒಂದು ಲೀಗಿನಿಂದ, ಮೂವರನ್ನು ಇನ್ನೊಂದರಿಂದ ಆರಿಸಿ, ಯಾವ ಲೀಗಿಗೂ ಸೇರದ ಹೊಸ ಸಮವಸ್ತ್ರವನ್ನು ಕೊಡಲಾಯಿತು. ಪ್ರತಿ ತಂಡವೂ ದಾಳಿ ಮಾಡುವಾಗ ತನ್ನ ಲೀಗಿನ ಚೆಂಡನ್ನೇ ಬಳಸಿತು ಎಂಬುದು ಆಗಿನ ಪರಸ್ಪರ ಅಪನಂಬಿಕೆಗೆ ನನಗೆ ಕಾಣುವ ಅತ್ಯಂತ ಸ್ಪಷ್ಟ ಸಾಕ್ಷಿ.

ತೀರ್ಪುಗಾರರ ತಂಡದ ಮುಖ್ಯಸ್ಥನಾದ ರೆಫರಿಯ ಸ್ಥಾನವನ್ನು ಮಾತ್ರ ಹಂಚಲಾಗದು. ಹಾಗಾಗಿ ಅದು ಸರದಿಯ ಮೇಲೆ ನಡೆಯಿತು. ಮೊದಲ ವರ್ಷ ಎನ್‌ಎಫ್‌ಎಲ್‌ನ ನಾರ್ಮ್ ಶಾಕ್ಟರ್, ಮರುವರ್ಷ ಎಎಫ್‌ಎಲ್‌ನ ಜ್ಯಾಕ್ ವೆಸ್ಟ್.

ಆರು ಎಂಬ ಸಂಖ್ಯೆಯೂ ಆಗ ಹೊಸದೇ. 1933ರ ಮೊದಲ ಎನ್‌ಎಫ್‌ಎಲ್ ಫೈನಲ್‌ನ ಕಾಲಕ್ಕೆ ನಾಲ್ವರೇ ಇದ್ದರು. 1947ರಲ್ಲಿ ಐದನೆಯವನೂ, ಚೆಂಡೆಸೆಯುವವನು ಆಟ ಶುರುವಾದ ಗೆರೆಯನ್ನು ದಾಟಿದನೇ ಎಂದು ನೋಡುವ ಆರನೆಯವನು 1965ರಲ್ಲೂ ಸೇರಿದರು.