ಸಂಗೀತ ಕಚೇರಿ ಲೈವ್‌ನಲ್ಲಿ ಮೃದಂಗದ ಸದ್ದು ಮೊದಲು, ಕೈ ಆಮೇಲೆ

ನಿಮ್ಮ ಕಚೇರಿಯ ನೇರ ಪ್ರಸಾರದಲ್ಲಿ ಮೃದಂಗದ ಸದ್ದು ಮೊದಲು ಕೇಳಿ, ಕೈ ಆಮೇಲೆ ಕಾಣುತ್ತದೆ, ಯಾಕೆ ಅಂತ ಕೇಳಿದ್ದಿರಿ. ಮೂರು ಫೋನಿನ ಚಿತ್ರ ವೈಫೈ ಮೇಲೆ ಓಬಿಎಸ್‌ಗೆ (ಲೈವ್ ಪ್ರಸಾರ ಮಾಡುವ ಲ್ಯಾಪ್‌ಟಾಪ್ ತಂತ್ರಾಂಶ), ಧ್ವನಿ ಮಾತ್ರ ಮೈಕ್‌ಗಳನ್ನು ಸೇರಿಸುವ ಮಿಕ್ಸರ್‌ನಿಂದ ವೈರಿನಲ್ಲಿ ನೇರ ಲ್ಯಾಪ್‌ಟಾಪ್‌ಗೆ ಅಂದಿರಲ್ಲ, ಬಹುಶಃ ಅದೇ ಕಾರಣ. ವೈರಿನ ಧ್ವನಿ ಬೇಗ ಬರುತ್ತದೆ, ವೈಫೈ ಚಿತ್ರ ತಡ. ಅದೂ ಒಂದೊಂದು ಫೋನಿಗೆ ಒಂದೊಂದು ತಡ.

ಮೊದಲು ಫೋನುಗಳ ಮೈಕ್ ಓಬಿಎಸ್‌ನಲ್ಲಿ ಮ್ಯೂಟ್ ಮಾಡಿ. ವೇದಿಕೆಯ ಮೈಕ್ ಮುಂದೆ ಒಬ್ಬರು ಜೋರಾಗಿ ಚಪ್ಪಾಳೆ ತಟ್ಟಲಿ, ಮೂರೂ ಕ್ಯಾಮೆರಾ ಒಂದೇ ಪರದೆಯಲ್ಲಿ ಕಾಣುವ ಹಾಗೆ ಇಟ್ಟು ರೆಕಾರ್ಡ್ ಮಾಡಿ. ಆಮೇಲೆ ಒಂದೊಂದೇ ಫ್ರೇಮ್ ಸರಿಸಿ, ಪ್ರತಿ ಕ್ಯಾಮೆರಾದಲ್ಲಿ ಕೈ ಸೇರುವುದು ಸದ್ದಿಗಿಂತ ಎಷ್ಟು ಫ್ರೇಮ್ ತಡ ಅಂತ ನೋಡಿ. 25 ಎಫ್‌ಪಿಎಸ್ (ಸೆಕೆಂಡಿಗೆ 25 ಫ್ರೇಮ್) ಇದ್ದರೆ ಒಂದು ಫ್ರೇಮ್ ಅಂದರೆ 40 ಮಿಲಿಸೆಕೆಂಡ್. ಎಲ್ಲಕ್ಕಿಂತ ನಿಧಾನದ ಕ್ಯಾಮೆರಾವನ್ನು ಹಾಗೇ ಬಿಡಿ, ಉಳಿದೆರಡಕ್ಕೆ ಓಬಿಎಸ್‌ನಲ್ಲಿ ಚಿತ್ರವನ್ನು ತಡ ಮಾಡುವ ರೆಂಡರ್ ಡಿಲೇ ಫಿಲ್ಟರ್ ಹಾಕಿ ಅದರ ಸಮಕ್ಕೆ ತನ್ನಿ. ಕೊನೆಗೆ ಅಡ್ವಾನ್ಸ್ಡ್ ಆಡಿಯೊ ಪ್ರಾಪರ್ಟೀಸ್‌ನಲ್ಲಿ ಮಿಕ್ಸರ್ ಧ್ವನಿಯ ಸಿಂಕ್ ಆಫ್‌ಸೆಟ್ ಕೊಡಿ, ಅಂದರೆ ಧ್ವನಿಯನ್ನು ಎಷ್ಟು ಮಿಲಿಸೆಕೆಂಡ್ ತಡ ಮಾಡಬೇಕು ಅನ್ನೋ ಅಂಕಿ. ಆ ನಿಧಾನದ ಚಿತ್ರಕ್ಕಿಂತ ಧ್ವನಿ 6 ಫ್ರೇಮ್ ಮುಂದಿದ್ದರೆ 240. ಮೈನಸ್ ಬೇಡ, ನಾನು ಒಮ್ಮೆ ಮೈನಸ್ ಹಾಕಿ ಒಂದು ಇಡೀ ವರ್ಣದ (ಕಚೇರಿಯಲ್ಲಿ ಹಾಡುವ ಒಂದು ಬಗೆಯ ರಚನೆ) ಪ್ರಸಾರ ಹಾಳು ಮಾಡಿದ್ದೆ.

ಅರ್ಧ ಗಂಟೆ ಬಿಟ್ಟು ಮತ್ತೆ ಚಪ್ಪಾಳೆ ಪರೀಕ್ಷೆ ಮಾಡಿ. ಲೆಕ್ಕ ಬದಲಾಗಿದ್ದರೆ ವೈಫೈ ತಡವೇ ಏರುಪೇರಾಗುತ್ತಿದೆ, ಆಫ್‌ಸೆಟ್‌ನಿಂದ ಸರಿಹೋಗಲ್ಲ. ಆಗ ಎಚ್‌ಡಿಎಂಐ ಇರುವ ಹಳೇ ಹ್ಯಾಂಡಿಕ್ಯಾಮ್‌ಗಳು, ಜೊತೆಗೆ ಸೆಕೆಂಡ್ ಹ್ಯಾಂಡ್ ಆಟೆಮ್ ಮಿನಿ (ಹಲವು ಕ್ಯಾಮೆರಾಗಳ ನಡುವೆ ಬದಲಿಸುವ ಸ್ವಿಚರ್ ಪೆಟ್ಟಿಗೆ) ನೋಡಿ. ನಾಲ್ಕು ಎಚ್‌ಡಿಎಂಐ ಇನ್‌ಪುಟ್ ಇದೆ, ಲ್ಯಾಪ್‌ಟಾಪ್‌ಗೆ ವೆಬ್‌ಕ್ಯಾಮ್ ತರಹ ಕಾಣುತ್ತದೆ. ಕ್ಯಾಮೆರಾ ಕೊಳ್ಳೋ ಮುಂಚೆ ಅದರ ಎಚ್‌ಡಿಎಂಐ ಚಿತ್ರದಲ್ಲಿ ಬ್ಯಾಟರಿ ಗುರುತು, ಮೆನು ಅಕ್ಷರ ಬರುತ್ತಾ ಅಂತ ಟಿವಿಗೆ ಹಾಕಿ ನೋಡಿ. ಬಂದರೆ ಬೇಡ.